ತಂತಿ ಮೇಲಕ್ಕೆ, ಸ್ವರ ಕೆಳಕ್ಕೆ

ಹೋದ ತಿಂಗಳು ಒಂದು ಭಾನುವಾರ ಸಂಜೆ ನಾನೇ ಕಟ್ಟಿದ ಡಿಸ್ಟಾರ್ಷನ್ ಪೆಡಲ್ (ಗಿಟಾರಿನ ಸದ್ದನ್ನು ಬೇಕೆಂದೇ ಒರಟು ಮಾಡುವ ಡಬ್ಬಿ) ಮೊದಲ ಸಲ ಸದ್ದು ಮಾಡಿತು. ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳದು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದರೆ ಎರಡನೇ ಸ್ಟಾಪೇ ಚಿಕ್ಕಪೇಟೆ, ಅಲ್ಲಿಂದ ನಡೆದೇ ಹೋಗಬಹುದು. ಅಲ್ಯುಮಿನಿಯಂ ಡಬ್ಬಿ, ಎರಡು ಜಾಕ್, ಕಾಲಲ್ಲಿ ಒತ್ತುವ ಸ್ವಿಚ್, 1 ಮೆಗಾ ಓಮ್ ರೆಸಿಸ್ಟರ್. ಈ ರೆಸಿಸ್ಟರ್ ತುಂಬ ಮುಖ್ಯ. ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಗಿಟಾರ್ ಪಿಕಪ್‌ನ ಸಿಗ್ನಲ್ ಬಲು ನಾಜೂಕು. ಇನ್‌ಪುಟ್ ಅದನ್ನು ಜಾಸ್ತಿ ಎಳೆದುಕೊಂಡರೆ ಸದ್ದಿನ ಹೊಳಪೆಲ್ಲ ಹೋಗಿ ಮಂಕಾಗುತ್ತದೆ.

ಡಬ್ಬಿಯೊಳಗೆ ಇರುವುದು ಡೈಸಿ ಸೀಡ್ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡ್. ಸಿಗ್ನಲ್ಲನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಮಾಡುತ್ತದೆ. ನನ್ನ ಸಿ ಪ್ಲಸ್ ಪ್ಲಸ್ ಕೋಡ್ ಆ ಅಂಕಿಯನ್ನು 50 ಪಟ್ಟು ಹೆಚ್ಚಿಸಿ, 1 ದಾಟಿದ್ದನ್ನು 1ಕ್ಕೇ ಕತ್ತರಿಸುತ್ತಿತ್ತು, ಮೈನಸ್ ಕಡೆಗೂ ಹಾಗೆಯೇ. ಅಲೆಯ ತಲೆ ಚಪ್ಪಟೆಯಾದರೆ ಮೂಲ ಸ್ವರದ ಹಲವು ಪಟ್ಟು ಆವರ್ತನದ ಸದ್ದುಗಳು, ಅಂದರೆ ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಡಿಸ್ಟಾರ್ಷನ್ ಅಂದರೆ ಅದೇ. ದಪ್ಪ ತಂತಿಗಳಲ್ಲಿ ನುಡಿಸಿದಾಗ ಎದೆಗೇ ಗುದ್ದಿದ ಹಾಗೆ ಕೇಳಿತು. ಎಷ್ಟು ಖುಷಿಯಾಯಿತು ಅಂದರೆ ಒಂದು ಗಂಟೆ ಬಿಡದೆ ನುಡಿಸಿದೆ.

ಅಮ್ಮ ಹಾಲ್‌ನಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದರು. ನಾನು ಸಣ್ಣ ತಂತಿಯಲ್ಲಿ ಮೇಲಿನ ಸ್ವರಗಳಿಗೆ ಹೋದೆ. "ಅದೇನೋ ಅದು? ನೀನು ಮೇಲಕ್ಕೆ ಎಳೆದಾಗ ಇನ್ನೊಂದು ಸ್ವರ ಕೆಳಗೆ ಇಳಿಯತ್ತಲ್ಲ?" ಅಂದರು.

ನನಗೆ ಅದು ಕೇಳಿಸಿರಲಿಲ್ಲ. ಅಮ್ಮ ನಲವತ್ತು ವರ್ಷದಿಂದ ವೀಣೆ ನುಡಿಸುತ್ತಿದ್ದಾರೆ. ಮೆಟ್ಟಿಲ ಮೇಲೆ ತಂತಿ ಎಳೆದು ಗಮಕ ತರುವುದು ಅವರಿಗೆ ದಿನದ ಕೆಲಸ. ಎಳೆದ ಸ್ವರ ಎಲ್ಲಿಗೆ ಹೋಗುತ್ತದೆ ಅಂತ ಅವರ ಕಿವಿ ಹಿಂದೆಯೇ ಹೋಗುತ್ತದೆ. ಸರಿ, ನಿಧಾನವಾಗಿ ಮತ್ತೆ ನುಡಿಸಿದೆ. ಹತ್ತೊಂಬತ್ತನೇ ಫ್ರೆಟ್ (ಗಿಟಾರಿನ ಮೆಟ್ಟಿಲು), ಒಂದು ಪೂರ್ತಿ ಸ್ವರದಷ್ಟು ಬೆಂಡ್, ಅಂದರೆ ತಂತಿಯ ಎಳೆತ. ಹೌದು, ಹಿಂದೆ ಸಣ್ಣ ಸೀಟಿಯಂಥ ಸದ್ದೊಂದು ಜಾರಿಕೊಂಡು ಕೆಳಗೆ ಹೋಗುತ್ತಿತ್ತು.

ರಾತ್ರಿ ಪೇಪರ್ ಪೆನ್ನು ಹಿಡಿದು ಕೂತೆ. 48,000 ಸಲ ಅಳೆದರೆ ಅದರ ಅರ್ಧ, ಅಂದರೆ 24,000 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಸರಿಯಾಗಿ ಉಳಿಯುತ್ತದೆ. ಅದಕ್ಕಿಂತ ಮೇಲಿನದು ಕನ್ನಡಿಗೆ ಬಡಿದ ಹಾಗೆ ಮಡಚಿಕೊಂಡು ಕೆಳಗೆ ಬರುತ್ತದೆ. ಇದಕ್ಕೇ ಏಲಿಯಾಸಿಂಗ್ ಅನ್ನುತ್ತಾರೆ. ಹತ್ತೊಂಬತ್ತನೇ ಫ್ರೆಟ್ಟಿನ ಸ್ವರ ಸುಮಾರು 988 ಹರ್ಟ್ಸ್. ಅದರ 39ನೇ ಹಾರ್ಮೋನಿಕ್ 38,500 ದಾಟುತ್ತದೆ. ಮಡಚಿದಾಗ, ಅಂದರೆ 48,000ದಿಂದ ಅದನ್ನು ಕಳೆದಾಗ, ಕೇಳುವುದು 9,480ರ ಹತ್ತಿರ. ಒಂದು ಸ್ವರ ಬೆಂಡ್ ಮಾಡಿದರೆ ಹಾರ್ಮೋನಿಕ್ ಇನ್ನೂ ಮೇಲಕ್ಕೆ ಹೋಗುತ್ತದೆ, ಮಡಚಿದ ಸದ್ದು ಮಾತ್ರ 4,760ರ ಹತ್ತಿರಕ್ಕೆ ಇಳಿಯುತ್ತದೆ. ಹತ್ತಿರ ಹತ್ತಿರ ಒಂದು ಸ್ಥಾಯಿ ಕೆಳಗೆ! ಅಮ್ಮ ಹೇಳಿದ್ದು ಅಕ್ಷರಶಃ ಸರಿ.

ಬೋರ್ಡಿನ ಇನ್‌ಪುಟ್‌ನಲ್ಲಿ ಹೆಚ್ಚಿನ ಆವರ್ತನ ತಡೆಯುವ ಫಿಲ್ಟರ್ ಇದೆಯಲ್ಲ ಅನ್ನಿಸಬಹುದು. ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಈ ಹಾರ್ಮೋನಿಕ್‌ಗಳು ಹೊರಗಿಂದ ಬಂದವಲ್ಲ, ನನ್ನ ಕೋಡಿನ ಒಳಗೇ ಹುಟ್ಟಿದವು. ಕತ್ತರಿಸಿದ ಮೇಲೆ ಫಿಲ್ಟರ್ ಹಾಕಿಯೂ ನೋಡಿದೆ. ಮಡಚಿ ಬಂದದ್ದು ಅಷ್ಟರಲ್ಲಿ ನಿಜವಾದ ಸ್ವರಗಳ ಜೊತೆ ಬೆರೆತುಹೋಗಿರುತ್ತದೆ, ಬೇರೆ ಮಾಡಲು ಆಗುವುದಿಲ್ಲ. ಹಳೆಯ ಡಯೋಡ್ ಪೆಡಲ್‌ಗಳಲ್ಲಿ ಅಳೆಯುವುದೇ ಇಲ್ಲ, ಹಾಗಾಗಿ ಮಡಚುವುದೂ ಇಲ್ಲ. "ಡಿಜಿಟಲ್ ಸದ್ದಲ್ಲಿ ಜೀವ ಇಲ್ಲ" ಅಂತ ಗಿಟಾರ್ ಗೆಳೆಯರು ಹೇಳುವಾಗ ಅವರ ಕಿವಿಗೆ ಚುಚ್ಚುತ್ತಿರುವುದು ಎಷ್ಟೋ ಸಲ ಇದೇ ಅಂತ ನನಗೆ ಈಗ ಅನ್ನಿಸುತ್ತದೆ.

ಮದ್ದು ಓವರ್‌ಸ್ಯಾಂಪ್ಲಿಂಗ್. ಎರಡು ಅಂಕಿಗಳ ನಡುವೆ ಏಳು ಹೊಸ ಅಂಕಿ ತುಂಬಿದರೆ ವೇಗ ಸೆಕೆಂಡಿಗೆ 3,84,000 ಅಂಕಿ ಆಗುತ್ತದೆ. ಕತ್ತರಿಸುವ ಕೆಲಸ ಅಲ್ಲಿ. ಆಮೇಲೆ 20,000ಕ್ಕಿಂತ ಮೇಲಿನದನ್ನು ಸೋಸಿ, ಎಂಟರಲ್ಲಿ ಒಂದು ಅಂಕಿ ಮಾತ್ರ ಉಳಿಸಿಕೊಳ್ಳುವುದು. ಸೋಸದೆ ಎಸೆದರೆ ಮತ್ತೆ ಅದೇ ಕಥೆ. ಈಗ ಕಿವಿಗೆ ಬೀಳುವಷ್ಟು ಕೆಳಗೆ ಮಡಚಿ ಬರಲು ಸುಮಾರು 370ನೇ ಹಾರ್ಮೋನಿಕ್ ಬೇಕು. ಅಷ್ಟು ದೂರದ್ದಕ್ಕೆ ಬಲವೇ ಇರುವುದಿಲ್ಲ. ಜೊತೆಗೆ ಚಪ್ಪಟೆ ಕತ್ತರಿಸುವ ಬದಲು ಅಲೆಯ ತಲೆ ದುಂಡಗೆ ಬಾಗುವ ಹಾಗೆ ಮಾಡಿದೆ. ಅದಕ್ಕೆ ಬೇಕಾದ ಟ್ಯಾನ್ ಹೈಪರ್ಬಾಲಿಕ್ ಅನ್ನುವ ಗಣಿತ ಸೂತ್ರದ ಲೆಕ್ಕ ಎಂಟು ಪಟ್ಟು ವೇಗದಲ್ಲಿ ಚಿಪ್‌ಗೆ ಭಾರ, ಅದರ ಜಾಗಕ್ಕೆ ಒಂದೇ ಭಾಗಾಕಾರದ ಸೂತ್ರ ಹಾಕಿದೆ.

ಮುಂದಿನ ಭಾನುವಾರ ಅಮ್ಮನನ್ನು ಕೂರಿಸಿ ಅದೇ ಫ್ರೆಟ್ಟಿನಲ್ಲಿ ಮೂರು ಸಲ ಎಳೆದೆ. ಕಣ್ಣು ಮುಚ್ಚಿ ಕೇಳಿದರು. "ಈಗ ಒಂದೇ ಸ್ವರ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇದಕ್ಕೆ ವೀಣೆ ಹಾಕಬಹುದೇನೋ?" ಅಂತ ಕೇಳಿದರು.

ವೀಣೆಗೆ ಪೀಜೋ (ಅಲುಗಾಟವನ್ನು ಸಿಗ್ನಲ್ ಮಾಡುವ ತೆಳು ಬಿಲ್ಲೆ) ಅಂಟಿಸಬೇಕು. ಪೀಜೋಗೆ 1 ಮೆಗಾ ಓಮ್ ಸಾಲದು, ಮಂದ್ರದ ಸ್ವರಗಳು ತೆಳ್ಳಗಾಗುತ್ತವೆ. 10 ಆದರೂ ಬೇಕು. ಶನಿವಾರ ಮತ್ತೆ ಚಿಕ್ಕಪೇಟೆಗೆ ಹೋಗುತ್ತೇನೆ.