ಚುಕ್ಕೆ ಮುಗಿದ ಮೇಲೆ ಗೆರೆ ಎತ್ತ ಹೋಗುತ್ತದೆ?

'ಈ ರಾಸಾಯನಿಕದಿಂದ ಹತ್ತು ಲಕ್ಷದಲ್ಲಿ ಒಬ್ಬರಿಗೆ ಕ್ಯಾನ್ಸರ್ ಬರಬಹುದು' ಅಂತ ಓದಿದರೆ, ಯಾರೋ ಹತ್ತು ಲಕ್ಷ ಜನರನ್ನು ಕೂರಿಸಿ ಎಣಿಸಿದ್ದಾರೆ ಅನ್ನಿಸುತ್ತದೆ ಅಲ್ವಾ? ಬಹಳಷ್ಟು ಸಲ ಎಣಿಸಿರುವುದು ಇಲಿಗಳನ್ನು. ಅದೂ ಒಂದೊಂದು ಡೋಸಿಗೆ ಸಾಮಾನ್ಯವಾಗಿ 50 ಗಂಡು, 50 ಹೆಣ್ಣು, ಅಷ್ಟೇ. ಐವತ್ತು ಇಲಿಗಳಲ್ಲಿ ಹತ್ತು ಲಕ್ಷಕ್ಕೊಂದು ಕಣ್ಣಿಗೆ ಬೀಳುವುದುಂಟೇ? ಅದಕ್ಕೇ ಡೋಸನ್ನು ಸಿಕ್ಕಾಪಟ್ಟೆ ಏರಿಸಿ, ಎಣಿಸುವಷ್ಟು ಗೆಡ್ಡೆ ಬಂದ ಮೇಲೆ, ಅದನ್ನು ಗ್ರಾಫಿನಲ್ಲಿ ಚುಕ್ಕೆಗಳಾಗಿ ಇಟ್ಟು, ಆ ಚುಕ್ಕೆಗಳಿಂದ ನಮ್ಮ ನಿಮ್ಮ ಹೊಟ್ಟೆಗೆ ಸೇರುವ ಚೂರುಪಾರು ಡೋಸಿನವರೆಗೆ ಗೆರೆ ಎಳೆಯುತ್ತಾರೆ. ತಕರಾರು ಇರುವುದೇ ಆ ಗೆರೆಯಲ್ಲಿ.

ಸಕ್ಕರೆಯ ಬದಲು ಬಳಸುವ ಕೃತಕ ಸಿಹಿ, ಸ್ಯಾಕರಿನ್ ಕಥೆ ನೋಡಿ. 1977ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ನಿಷೇಧಿಸಲು ಹೊರಟಿತು. ಕೆನಡಾದ ಪ್ರಯೋಗದಲ್ಲಿ, ಮೇವಿನ 5% ಸ್ಯಾಕರಿನ್ನೇ ಆಗಿದ್ದ ಗಂಡು ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಬಂದಿತ್ತು. ಜನ ಗಲಾಟೆ ಎಬ್ಬಿಸಿದರು, ಅಮೆರಿಕದ ಸಂಸತ್ತು ನಿಷೇಧ ತಡೆದು ಎಚ್ಚರಿಕೆಯ ಲೇಬಲ್ ಸಾಕು ಅಂದಿತು. ಮರುವರ್ಷ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ವರದಿಯಲ್ಲಿ ಒಂದು ಲೆಕ್ಕ ಬಂತು: ದಿನಕ್ಕೆ 120 ಮಿಲಿಗ್ರಾಂ ತಿಂದರೆ, 70 ವರ್ಷದಲ್ಲಿ ಇಡೀ ಅಮೆರಿಕದಲ್ಲಿ ಎಷ್ಟು ಜನಕ್ಕೆ ಮೂತ್ರಕೋಶದ ಕ್ಯಾನ್ಸರ್?

0.22ರಿಂದ 11,44,000.

ಅಂದರೆ ಒಬ್ಬರೂ ಇಲ್ಲ, ಇಲ್ಲವೇ ಒಂದು ದೊಡ್ಡ ಊರಿನಷ್ಟು ಜನ! ಮೂಲ ಇಲಿಯ ಅಂಕಿಗಳೇ, ಬದಲಾಗಿದ್ದು ಗೆರೆ ಎಳೆಯುವ ಸೂತ್ರ, ಜೊತೆಗೆ ಇಲಿಯ ಡೋಸನ್ನು ಮನುಷ್ಯನಿಗೆ ಹೊಂದಿಸಿದ ರೀತಿ (ತೂಕದ ಲೆಕ್ಕವೋ, ಮೈಯ ಮೇಲ್ಮೈ ಲೆಕ್ಕವೋ). ಅಂಥ ಒಂದು ಸೂತ್ರವಾದ ಪ್ರೋಬಿಟ್ ಮಾಡೆಲ್‌ನಲ್ಲಿ ಡೋಸ್ ಇಳಿದ ಹಾಗೆ ಅಪಾಯ ಧಡಕ್ಕನೆ ಕುಸಿಯುತ್ತದೆ. ಮಲ್ಟಿಸ್ಟೇಜ್ ಮಾಡೆಲ್ ಹಾಗಲ್ಲ. ಜೀವಕೋಶ ಹಲವು ಹಂತ ದಾಟಿ ಕ್ಯಾನ್ಸರ್ ಆಗುತ್ತದೆ ಅಂತ 1954ರಲ್ಲಿ ಆರ್ಮಿಟೇಜ್ ಮತ್ತು ಡಾಲ್ ಎಂಬ ಸಂಶೋಧಕರು ಹೇಳಿದ್ದರಿಂದ ಬೆಳೆದದ್ದು ಅದು. ಅದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಬಳಸಿದ ರೀತಿಯಲ್ಲಿ ಕಡಿಮೆ ಡೋಸಿನ ಕಡೆ ಗೆರೆ ನೇರ: ಡೋಸ್ ಅರ್ಧ ಆದರೆ ಅಪಾಯ ಅರ್ಧ, ಸೊನ್ನೆ ಅಂತೂ ಆಗುವುದೇ ಇಲ್ಲ. ಚುಕ್ಕೆಗಳಿರುವ ಕಡೆ ಎರಡೂ ಚೆನ್ನಾಗಿಯೇ ಕೂರುತ್ತವೆ, ಹಾಗಾಗಿ ಯಾವುದು ಸರಿ ಅಂತ ಚುಕ್ಕೆಗಳನ್ನೇ ಕೇಳಿ ಪ್ರಯೋಜನವಿಲ್ಲ.

ಹಾಗಾದರೆ ಜಾಸ್ತಿ ಪ್ರಾಣಿ ಬಳಸಿದರಾಯ್ತು ಅಂತೀರಾ? ಅದನ್ನೂ ಮಾಡಿದ್ದಾರೆ. ಅಮೆರಿಕದ ಅರ್ಕನ್ಸಾ ರಾಜ್ಯದ ಪ್ರಯೋಗಾಲಯದಲ್ಲಿ ಸುಮಾರು 24,000 ಸುಂಡಿಲಿಗಳಿಗೆ ಬೇರೊಂದು ರಾಸಾಯನಿಕ ತಿನ್ನಿಸಿದರು. ಯಕೃತ್ತಿನ ಗೆಡ್ಡೆಗಳು ಹೆಚ್ಚುಕಮ್ಮಿ ನೇರ ಗೆರೆಯಲ್ಲಿ ಏರಿದವು. ಮೂತ್ರಕೋಶದವು ಕಡಿಮೆ ಡೋಸಿನಲ್ಲಿ ಸುಮ್ನಿದ್ದು, ಮೇಲೆ ಹೋದಾಗ ಒಮ್ಮೆಲೇ ಚಿಮ್ಮಿದವು. ಒಂದೇ ವಿಷ, ಅದೇ ಪ್ರಾಣಿ, ಎರಡು ಅಂಗಕ್ಕೆ ಎರಡು ಆಕಾರ!

ಸ್ಯಾಕರಿನ್ ಗಂಟು ಬಿಡಿಸಿದ್ದು ಸೂತ್ರ ಅಲ್ಲ, ಮೂತ್ರ. ಅಷ್ಟೊಂದು ಸ್ಯಾಕರಿನ್ ತಿಂದ ಗಂಡು ಇಲಿಯ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಗಸಿ ಕಟ್ಟಿ, ಮೂತ್ರಕೋಶದ ಒಳಪದರ ಕೆಡುತ್ತದೆ. ಕೆಟ್ಟ ಜಾಗದಲ್ಲಿ ಜೀವಕೋಶಗಳು ಮತ್ತೆ ಮತ್ತೆ ಹುಟ್ಟಿ ಹುಟ್ಟಿ ಕೊನೆಗೆ ಗೆಡ್ಡೆ. ಮನುಷ್ಯರ ಮೂತ್ರ ಹಾಗಿಲ್ಲ. 2000ದಲ್ಲಿ ಸ್ಯಾಕರಿನ್ ಅಮೆರಿಕದ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ಹೊರಬಂತು, ಲೇಬಲ್ಲೂ ಹೋಯಿತು.

ಹಾಗಂತ ನೇರ ಗೆರೆ ಬರೀ ಹೆದರಿಕೆಯ ಲೆಕ್ಕ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಡಿಎನ್ಎಗೇ ಕೈಹಾಕುವ ವಸ್ತುವಿಗೆ ಅದೇ ನ್ಯಾಯವಾದ ಊಹೆ. ಇಪಿಎಯ 2005ರ ಮಾರ್ಗಸೂಚಿಯೂ ಮೊದಲು ವಸ್ತು ಹೇಗೆ ಕೆಲಸ ಮಾಡುತ್ತದೆ ನೋಡಿ ಅನ್ನುತ್ತದೆ. ಅದು ಗೊತ್ತಿಲ್ಲದಿದ್ದರೆ, ಚುಕ್ಕೆಗಳ ತಳದಲ್ಲಿ ಒಂದು ಬಿಂದು ಆರಿಸಿ, ಅಲ್ಲಿಂದ ಸೊನ್ನೆಗೆ ನೇರ ಗೆರೆ.