ಬರೆದು ಕೊಡ್ರಿ ಸಾಹೇಬ್ರ

ನಮ್ಮ ಬೆಳಗಾವಿಯಲ್ಲಿ ಬಂಡಾಯಕ್ಕೆ ಸರ್ಕಾರವೇ ಪೆಂಡಾಲ್ ಹಾಕಿಸಿಕೊಡುತ್ತದೆ. ತಮಾಷೆ ಅಲ್ಲ. ಪ್ರತಿ ವರ್ಷ ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ಇರುತ್ತದಲ್ಲ, ಅದು 1824ರಲ್ಲಿ ಕಿತ್ತೂರಿನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಗೆದ್ದ ದಿನ. ಇವತ್ತು ಆ ಹಬ್ಬಕ್ಕೆ ಪೂರ್ವಭಾವಿ ಸಭೆ ಕರೆಯುವವರು ಜಿಲ್ಲಾಧಿಕಾರಿಗಳು. ಅಂದ್ರೆ ಕಲೆಕ್ಟರ್! ಡಿಸೆಂಬರ್ ಬಂದರೆ ಸುವರ್ಣಸೌಧದಲ್ಲಿ ಅಧಿವೇಶನ, ಪಕ್ಕದ ಕೊಂಡಸಕೊಪ್ಪದ ಹತ್ತಿರ ಪ್ರತಿಭಟನೆ ಮಾಡುವವರಿಗೆ ಅಂತಲೇ ಟೆಂಟ್. ಯಾವ ಸಂಘಟನೆಗೆ ಯಾವ ದಿನ ಅಂತ ಮೊದಲೇ ಅನುಮತಿ ತಗೋಬೇಕು. ಘೋಷಣೆ ಕೂಗಬೇಕು, ಮಂತ್ರಿ ಬಂದರೆ ಮನವಿ ಕೊಡಬೇಕು, ಫೋಟೋ ತೆಗೆಸಿಕೊಂಡು ಸಂಜೆ ಬಸ್ ಹಿಡಿಯಬೇಕು.

ಇದನ್ನೆಲ್ಲ ಬರೆಯೋಕೆ ಕಾರಣ ನಮ್ಮ ಕಾಕಾನ ಮಗ. ಎಫ್‌ಡಿಎ ಪರೀಕ್ಷೆಗೆ, ಅಂದ್ರೆ ಸರ್ಕಾರಿ ಕಚೇರಿಯ ಗುಮಾಸ್ತನ ಕೆಲಸಕ್ಕೆ, ಓದುತ್ತಿದ್ದಾನೆ. ಮೊನ್ನೆ ಬಂದು, "ಅಣ್ಣಾ, ಆಳೋರು ಅನ್ಯಾಯ ಮಾಡಿದ್ರ ಜನ ಕೇಳ್ಕೊಂಡು ಇರಬೇಕೋ, ತಿರುಗಿ ಬೀಳಬೇಕೋ? ಪ್ರಬಂಧ ಬರೀಬೇಕಾಗೇದ" ಅಂದ. ಎರಡೂ ಕಡೆಯ ಮಾತು ಬರೆದು ಕೊನೆಗೆ ನಡುವೆ ನಿಂತ್ಕೋ ಅಂತ ಕೋಚಿಂಗ್‌ನಲ್ಲಿ ಹೇಳಿಕೊಟ್ಟಿದ್ದಾರಂತೆ. ನನಗೆ ಹಾಗೆ ನಿಲ್ಲೋಕೆ ಬರುವುದಿಲ್ಲ.

ಮೊದಲು ಒಂದು ಮಾತು. ನಾವು ಈ ಪ್ರಶ್ನೆ ಬಂದ ಕೂಡಲೇ ಕುದುರೆ, ಕತ್ತಿ, ಕೋಟೆ ನೆನೆಸಿಕೊಳ್ಳುತ್ತೇವೆ. ಆದರೆ ಕಿತ್ತೂರಿನ ಜಗಳ ಕತ್ತಿಯಿಂದ ಶುರುವಾಗಲಿಲ್ಲ, ಕಾಗದದಿಂದ ಶುರುವಾಯಿತು. 1824ರ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಥ್ಯಾಕರೆ ಆ ದತ್ತು ನಡೆಯುವುದಿಲ್ಲ ಅಂದ, ಕಿತ್ತೂರಿನ ಖಜಾನೆಗೆ ತನ್ನ ಮೊಹರು ಹಾಕಿಸಿದ. ಚೆನ್ನಮ್ಮ ಆಗಲೇ ಕತ್ತಿ ಎತ್ತಲಿಲ್ಲ. ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನ್‌ಗೆ ಬರೆದಳು, ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಬರೆದಳು. ಕೇಳುವವರು ಯಾರೂ ಇರಲಿಲ್ಲ. ಆಮೇಲೆ ಅಕ್ಟೋಬರ್ 23. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು, 1829ರಲ್ಲಿ ಆಕೆ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು.

ರಾಯಣ್ಣನದ್ದೂ ಅಷ್ಟೇ. ಅವನು ರಾಜ ಅಲ್ಲ, ದೇಸಾಯಿ ಅಲ್ಲ, ಕಿತ್ತೂರಿನ ಶೇತಸನದಿ. ಚಾಕರಿಗೆ ಪ್ರತಿಯಾಗಿ ಹೊಲ ಉಣ್ಣುತ್ತಿದ್ದವನು. ಕಂಪನಿಯವರು ಒಂದಿಷ್ಟು ಹೊಲ ಕಸಿದುಕೊಂಡರು, ಉಳಿದದ್ದಕ್ಕೆ ಕಂದಾಯ ಜಡಿದರು. ಅವನೂ ಅವನ ಜನರೂ ಮೊದಲು ಸುಟ್ಟದ್ದು ಏನು ಅಂತ ನೋಡಿ: ಬೀಡಿಯ ಕಚೇರಿ, ಇನ್ನೂ ಕೆಲವು ಕಚೇರಿ, ಅಲ್ಲಿದ್ದ ದಫ್ತರ. ಅನ್ಯಾಯ ಎಲ್ಲಿ ಕೂತಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾರ ಹೊಲ ಯಾರದ್ದು, ಯಾರು ಎಷ್ಟು ಕಟ್ಟಬೇಕು, ಎಲ್ಲ ಆ ಕಾಗದದಲ್ಲೇ ಇತ್ತು. 1831ರ ಜನವರಿ 26ಕ್ಕೆ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಹಿಡಿದುಕೊಟ್ಟವರು ಇಂಗ್ಲಿಷರಲ್ಲ ಬಿಡಿ, ನಮ್ಮವರೇ. ಕಿತ್ತೂರಿನ ಬಾರೂದಿಗೆ ಸೆಗಣಿ ಕಲಸಿದ ಕಥೆಯೂ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಪುತ್ಥಳಿ ಮಾತ್ರ ಎಲ್ಲ ಸರ್ಕಲ್‌ನಲ್ಲೂ ರಾಯಣ್ಣನದ್ದು.

ಹಾಗಾದರೆ ಇವತ್ತೂ ಕಚೇರಿ ಸುಡೋದಾ? ಇಲ್ಲ. ಇವತ್ತು ಕಚೇರಿ ಸುಟ್ಟರೆ ನಮ್ಮದೇ ಉತಾರ, ಅಂದ್ರೆ ಹೊಲದ ಪಹಣಿ, ಸುಡುತ್ತದೆ. ಬಸ್ಸಿಗೆ ಕಲ್ಲು ಹೊಡೆದರೆ ಮರುದಿನ ನಮ್ಮೂರಿನ ಹುಡುಗಿಯರೇ ಕಾಲೇಜು ತಪ್ಪಿಸಿಕೊಂಡು ಮನೆಯಲ್ಲಿ ಕೂರುತ್ತಾರೆ. ಚೆನ್ನಮ್ಮನಿಗೆ ಓಟು ಇರಲಿಲ್ಲ, ಕೋರ್ಟಿನ ಬಾಗಿಲು ಇರಲಿಲ್ಲ. ನಮಗೆ ಎರಡೂ ಇವೆ. ನಿಧಾನ, ಸುಸ್ತು, ಖರ್ಚು, ಎಲ್ಲ ಒಪ್ಪುತ್ತೇನೆ, ಆದರೂ ಇವೆ.

1980ನ್ನು ನೋಡಿ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಬರಲಿಲ್ಲ, ಆದರೆ ನಿಮ್ಮ ಭೂಮಿ ಸುಧಾರಿಸಿದೆ ಅಂತ ಅಭಿವೃದ್ಧಿ ಕರ ಮಾತ್ರ ಬಂತು. ರೈತರು ಕಟ್ಟುವುದಿಲ್ಲ ಅಂದರು. ನನ್ನ ಪ್ರಕಾರ ಅಲ್ಲಿಗೆ ಅವರದ್ದು ನೂರಕ್ಕೆ ನೂರು ನ್ಯಾಯ. ಬಾರದ ನೀರಿಗೆ ದುಡ್ಡು ಯಾರು ಕೊಡ್ತಾರೆ? ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಆ ಪೊಲೀಸರೂ ನಮ್ಮಂಥ ಮನೆಗಳಿಂದಲೇ ಬಂದವರು ಅನ್ನೋದನ್ನ ನಾವು ಭಾಷಣದಲ್ಲಿ ಹೇಳುವುದಿಲ್ಲ. ಅವತ್ತಿನ ಸಿಟ್ಟು ರೈತ ಸಂಘವಾಯಿತು, 1983ರಲ್ಲಿ ಗುಂಡೂರಾಯರ ಸರ್ಕಾರ ಓಟಿನಲ್ಲಿ ಬಿತ್ತು. ಸರ್ಕಾರವನ್ನು ಕೆಡವಿದ್ದು ಕಲ್ಲಲ್ಲ. ಆದರೆ ಆ ದಿನ ಜನ ಬೀದಿಗೆ ಬರದೇ ಇದ್ದಿದ್ದರೆ ಓಟೂ ಹಾಗೆ ಬೀಳುತ್ತಿರಲಿಲ್ಲ. ಇದನ್ನು ಎರಡು ತುಂಡು ಮಾಡಿ ಒಂದನ್ನಷ್ಟೇ ಇಟ್ಟುಕೊಳ್ಳೋಕೆ ಆಗಲ್ಲ.

ಸುಮ್ನೆ ಕೇಳಿಕೊಂಡು ಇದ್ದವರ ಗತಿ ನೋಡಬೇಕಂದ್ರೆ ಬಾಗಲಕೋಟೆಗೆ ಹೋಗಿ. ನಮ್ಮ ಸೋದರಮಾವನ ಊರು. ಆಲಮಟ್ಟಿ ಹಿನ್ನೀರು ಬರುತ್ತದೆ, ಜಾಗ ಬಿಡಿ ಅಂದರು, ಬಿಟ್ಟರು. ಹಳೇ ಪೇಟೆ, ಓಣಿ, ಗುಡಿ ಎಲ್ಲ ಬಿಟ್ಟು ನವನಗರದ ಸೆಕ್ಟರ್ ನಂಬರ್‌ಗಳಿಗೆ ಹೋದರು. ಎಲ್ಲರ ಒಳ್ಳೆಯದಕ್ಕೆ ಅಂತ ಹೇಳಿದ್ದಕ್ಕೆ ಹೂಂ ಅಂದ ಜನ. ಆಮೇಲೆ ಪರಿಹಾರ ಜಾಸ್ತಿ ಮಾಡಿ ಅಂತ ಕೋರ್ಟಿಗೆ ಅಲೆದವರೂ ಅವರೇ. ಈಗ ಅಣೆಕಟ್ಟಿನ ಮಟ್ಟ 519.6 ಮೀಟರ್‌ನಿಂದ 524.256ಕ್ಕೆ ಏರುತ್ತದೆ ಅಂತ ಎಷ್ಟೋ ಹಳ್ಳಿಯವರು ಮನೆಗೆ ಸುಣ್ಣ ಹಚ್ಚಲೋ ಬೇಡವೋ ಅಂತ ಕಾಯುತ್ತಿದ್ದಾರೆ. ಇಲ್ಲಿ ದುಷ್ಟ ರಾಜ ಯಾರೂ ಇಲ್ಲ. ಒಂದು ಕಡತ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುತ್ತಿದೆ, ಅಷ್ಟೇ.

ನಾನು ಹೇಳಬೇಕಾಗಿರೋದು ಆ ಟೇಬಲ್‌ನ ಬಗ್ಗೆ. ಅನ್ಯಾಯದ ಆಳ್ವಿಕೆ ಒಬ್ಬ ಮನುಷ್ಯನ ಕೈಯಿಂದ ನಡೆಯುವುದಿಲ್ಲ. ಮೇಲೆ ಕೂತವನು ಒಂದು ಮಾತು ಆಡುತ್ತಾನೆ. ಆ ಮಾತು ತಹಶೀಲ್ದಾರ, ಸರ್ಕಲ್, ತಲಾಠಿ, ಗುಮಾಸ್ತ, ಪೇದೆ ಅಂತ ಇಳಿದು ಬರುತ್ತದೆ, ಕೊನೆಗೆ ಯಾರೋ ಒಬ್ಬ ಮಾಮೂಲಿ ಮನುಷ್ಯ ಪೆನ್ನು ಹಿಡಿದು ಒಂದು ಹೆಸರಿನ ಮೇಲೆ ಗೆರೆ ಎಳೆಯುತ್ತಾನೆ. ಕೇಳಿದರೆ, "ನಂದೇನೈತ್ರಿ, ಮ್ಯಾಲಿಂದ ಆರ್ಡರ್ ಬಂದದ" ಅನ್ನುತ್ತಾನೆ. ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದದ್ದು ಅವನನ್ನ. ಅದಕ್ಕೇ ಎಫ್‌ಡಿಎ ಆಗೋಕೆ ಹೊರಟ ಹುಡುಗ ಇದನ್ನು ಕೇಳಿದ್ದು ನನಗೆ ಬಹಳ ಸರಿ ಅನಿಸಿತು. ನಾಳೆ ಆ ಪೆನ್ನು ಇವನ ಕೈಗೇ ಬರುತ್ತದೆ.

ಇವನ ಅಪ್ಪನ ಕಥೆಯನ್ನೇ ಹೇಳುತ್ತೇನೆ. ನಮ್ಮ ಕಾಕಾ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ಇದ್ದರು, ಈಗ ರಿಟೈರ್ಡ್. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂತಲ್ಲ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ, ಆಮೇಲೆ ಬಿದ್ದ ಮನೆಗಳ ಯಾದಿ ತಯಾರಾಯಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ. ದುಡ್ಡು ಅಂದ ಮೇಲೆ ಗೊತ್ತಲ್ಲ. ಒಂದು ದಿನ ಮೇಲಿನವರು ಕರೆದು, ಈ ಯಾದಿಯಲ್ಲಿ ಇಂತಿಂಥ ಹೆಸರು ತೆಗಿ, ಇಂತಿಂಥ ಹೆಸರು ಸೇರಿಸು ಅಂದರಂತೆ. ತೆಗೀಬೇಕಾದ ಮನೆಗಳನ್ನು ಕಾಕಾ ಕಣ್ಣಾರೆ ನೋಡಿಬಂದಿದ್ದರು. ಗೋಡೆ ಇರಲಿಲ್ಲ. ಕಾಕಾ ಕೂಗಾಡಲಿಲ್ಲ, ರಾಜೀನಾಮೆ ಬಿಸಾಕಲಿಲ್ಲ. "ಮಾಡ್ತೀನ್ರಿ ಸಾಹೇಬ್ರ, ಒಂದ್ ಚೀಟಿ ಬರದು ಸಹಿ ಮಾಡಿ ಕೊಡ್ರಿ, ಫೈಲಿಗೆ ಹಚ್ಚಬೇಕು" ಅಂದರು. ಅಷ್ಟೇ ಅಂದದ್ದು.

ಸಾಹೇಬರು ಸಿಟ್ಟಾದರು. ಬರೆದು ಮಾತ್ರ ಕೊಡಲಿಲ್ಲ. ಯಾರು ಬರೆದು ಕೊಡ್ತಾರೆ ಹೇಳಿ? ಸ್ವಲ್ಪ ದಿನಕ್ಕೆ ಕಾಕಾರನ್ನು ಆ ಟೇಬಲ್‌ನಿಂದ ಎತ್ತಿ ಆವಕ-ಜಾವಕಕ್ಕೆ, ಅಂದ್ರೆ ಬರುವ ಹೋಗುವ ಟಪಾಲು ನೋಡೋಕೆ, ಹಾಕಿದರು. ಕೆಲವರ ಹೆಸರು ಯಾದಿಯಲ್ಲಿ ಉಳಿಯಿತು, ಕೆಲವರದ್ದು ಆಮೇಲೆ ಬೇರೆಯವರ ಕೈಯಲ್ಲಿ ಹೋಯಿತು. ಪೂರ್ತಿ ಗೆದ್ದರು ಅಂತ ನಾನು ಹೇಳುವುದಿಲ್ಲ. ಆದರೆ ಸಿಟ್ಟಿನ ದೊಡ್ಡ ಭಾಷಣಗಳಿಗಿಂತ ಈ ಒಂದು ಸಾಲು ಜಾಸ್ತಿ ಕೆಲಸ ಮಾಡುತ್ತದೆ. ಇದು ಕಾನೂನಿನಲ್ಲೂ ಇದೆ. ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮದಲ್ಲಿ, ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಬರಹದಲ್ಲಿ ಇರಬೇಕು, ಬಾಯಿಮಾತಿನಲ್ಲಿ ಹೇಳಿದರೆ ಆಮೇಲೆ ಬರಹದಲ್ಲಿ ಖಾತ್ರಿ ಮಾಡಬೇಕು ಅಂತಲೇ ಇದೆ. ಮೇಲಿನವರು ಹೇಳಿದರು ಅನ್ನೋದು ಅಪರಾಧಕ್ಕೆ ರಕ್ಷಣೆಯೂ ಅಲ್ಲ. ಹಳೇ ದಂಡ ಸಂಹಿತೆಯ 76ನೇ ಕಲಮಿನಲ್ಲಿ, ಈಗಿನ ನ್ಯಾಯ ಸಂಹಿತೆಯ 14ನೇ ಕಲಮಿನಲ್ಲಿ, ಮೇಲಧಿಕಾರಿಯ ಮಾತಿನಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕನ ಉದಾಹರಣೆ ಇದೆ. ಅವನು ಬಚಾವಾಗುವುದು ಆ ಆದೇಶ ಕಾನೂನಿಗೆ ಸರಿಯಾಗಿದ್ದದ್ದಕ್ಕೆ. 1860ರಲ್ಲಿ ಇಂಗ್ಲಿಷರೇ ಬರೆದ ಮಾತು ಇದು!

ಇಲ್ಲೇ ಬಸವಣ್ಣನೂ ನೆನಪಾಗುತ್ತಾನೆ. ಬಾಗೇವಾಡಿಯಲ್ಲಿ ಹುಟ್ಟಿದವನು, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ. ಅಂದ್ರೆ ನೌಕರ. ಅರಮನೆಯ ದುಡ್ಡು ಶರಣರಿಗೆ ಖರ್ಚು ಮಾಡುತ್ತಾನೆ ಅಂತ ಚಾಡಿ ಹೇಳಿದಾಗ ಲೆಕ್ಕ ತೋರಿಸಿ ಬಾಯಿ ಮುಚ್ಚಿಸಿದ ಅನ್ನೋದು ಪುರಾಣದ ಕಥೆ. ಲೆಕ್ಕ ಸರಿ ಇಟ್ಟವನಿಗೆ ರಾಜನ ಮುಂದೆ ತಲೆ ಎತ್ತೋಕೆ ಧೈರ್ಯ ಬರುತ್ತದೆ. ಹರಳಯ್ಯ, ಮಧುವರಸರ ಮನೆಯ ಮದುವೆಗೆ ಬಿಜ್ಜಳ ಕೊಟ್ಟ ಶಿಕ್ಷೆ ನಮಗೆಲ್ಲ ಗೊತ್ತಿದೆ. ಬಸವಣ್ಣ ಕಲ್ಯಾಣ ಬಿಟ್ಟು ಕೂಡಲಸಂಗಮಕ್ಕೆ ಬಂದುಬಿಟ್ಟ. ಬಿಜ್ಜಳನ ಕೊಲೆ ಬೇರೆಯವರ ಕೈಯಲ್ಲಿ ಆಯಿತು, ಶರಣರು ದಿಕ್ಕಾಪಾಲಾದರು. ಒಳಗಿದ್ದು ಮಾಡಲು ಆಗುವಷ್ಟು ಮಾಡಿ, ಆಗದಿದ್ದಾಗ ಹೊರಗೆ ಬರೋದು, ಇದೂ ಒಂದು ದಾರಿ. ಇದರ ಬಗ್ಗೆ ನಾವು ಯಾಕೋ ಕಡಿಮೆ ಮಾತಾಡುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಹುಡುಗ ಒಂದು ಪ್ರಶ್ನೆ ಹಾಕಿದ. "ಎಲ್ಲಾ ಖರೆ ಅಣ್ಣಾ. ಸಾಹೇಬ್ರು ಬರದೇ ಕೊಟ್ರ?"

ಒಳ್ಳೆ ಪ್ರಶ್ನೆ. ಯಾಕಂದ್ರೆ ಬರೆದೇ ಕೊಟ್ಟ ಅನ್ಯಾಯವೂ ಇದೆ. 1857ರಲ್ಲಿ ಮುಧೋಳ ಸೀಮೆಯ ಹಲಗಲಿಯಲ್ಲಿ ಆದದ್ದು ಅದೇ. ನಿಮ್ಮ ಹತ್ತಿರ ಇರುವ ಆಯುಧ ಒಪ್ಪಿಸಿ ಅಂತ ಕಾಯ್ದೆ ಬಂತು. ಪಕ್ಕಾ ಕಾಯ್ದೆ, ಕಾಗದದ ಮೇಲೆ. ಬೇಟೆ ಆಡಿ ಬದುಕುವ ಬೇಡರಿಗೆ ಆಯುಧ ಅಂದ್ರೆ ಊಟ. ಕೊಡಲ್ಲ ಅಂದರು. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಹಿಡಿದವರನ್ನು ಮುಧೋಳದಲ್ಲಿ, ಹಲಗಲಿಯಲ್ಲಿ ನೇಣಿಗೆ ಹಾಕಿದರು. ಇವತ್ತಿಗೂ ಲಾವಣಿ ಹಾಡುತ್ತಾರೆ.

ನಾನು ಬಾಯಿ ಬಿಡುವ ಮೊದಲೇ ಕಾಕಾ ಒಳಗಿಂದ, "ಬರದು ಕೊಟ್ಟಿದ್ರ ನಾನೂ ಮಾಡ್ತಿದ್ನೋ ಏನೋ" ಅಂದರು. ಅವಾಗ ಮನೆ ಸಾಲ ಇತ್ತು, ಅಕ್ಕನ ಮದುವೆ ಆಗಬೇಕಿತ್ತು. ನಾನು ತಪ್ಪು ಅನ್ನಲಾರೆ. ಎಲ್ಲರೂ ನಂದಗಡದ ತನಕ ಹೋಗಬೇಕು ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ, ಅವರು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕೂತಿರುತ್ತಾರೆ.

ಆದರೂ ಕೇಳಿದ್ದಾನಲ್ಲ, ಹೇಳುತ್ತೇನೆ. ಆಳುವವರು ಇಷ್ಟ ಇಲ್ಲ ಅಂತ ಕರ ಕಟ್ಟದೇ ಇರೋದು, ಸಿಗ್ನಲ್ ಹಾರೋದು ಬಂಡಾಯ ಅಲ್ಲ. ಇನ್ನೊಬ್ಬರಿಗೆ ಅನ್ಯಾಯ ಮಾಡು ಅಂತ ನನ್ನ ಕೈಗೆ ಆದೇಶ ಬಂದರೆ ಮಾತ್ರ ಮಾಡಲ್ಲ ಅನ್ನಬೇಕು, ಹೆಸರು ಹಾಕಿ, ಸಹಿ ಮಾಡಿ. ಗಾಂಧಿ 1922ರಲ್ಲಿ ಮಾಡಿದ್ದು ಇದನ್ನೇ. ಅಹಮದಾಬಾದ್ ಕೋರ್ಟಿನಲ್ಲಿ ಹೌದು, ರಾಜದ್ರೋಹ ಮಾಡಿದ್ದೇನೆ, ಶಿಕ್ಷೆ ಕೊಡಿ ಅಂದರು, 6 ವರ್ಷ ಶಿಕ್ಷೆ ಬಿತ್ತು. 1924ರಲ್ಲಿ ಕಾಯಿಲೆ ಅಂತ ಬಿಟ್ಟರು, ಅದೇ ಡಿಸೆಂಬರ್‌ನಲ್ಲಿ ನಮ್ಮ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. ಅಲ್ಲಿ ಒಪ್ಪಿಗೆ ಪಡೆದದ್ದು ಅಸಹಕಾರವನ್ನು ಸದ್ಯಕ್ಕೆ ನಿಲ್ಲಿಸುವುದಕ್ಕೆ. ಬಂಡಾಯಗಾರನಿಗೆ ನಿಲ್ಲಿಸೋದೂ ಬರಬೇಕು, ಅಲ್ವಾ.

ಗಾಂಧಿಯ ಹಿಂದೆ ಜನ ಇದ್ದರು. ನಮ್ಮ ಕಾಕಾರ ಹಿಂದೆ ಯಾರೂ ಇರಲಿಲ್ಲ, ಯೂನಿಯನ್ನಿನವರೂ ಬರಲಿಲ್ಲ. ಅದಕ್ಕೇ ಆಫೀಸಿನ ಹೊರಗಿರುವ ನಮ್ಮಂಥವರಿಗೆ ಒಂದು ಮಾತು. ನಿಮ್ಮ ಊರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ತಲಾಠಿಯೋ ಗುಮಾಸ್ತನೋ ಏಕಾಏಕಿ ಎತ್ತಂಗಡಿ ಆದರೆ, ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು, ಬೈಗುಳ ಬರೆಯೋಕೆ ಜಾಗ ಸಾಲದು. ವರ್ಗಾವಣೆ ಆದೇಶದ ನಕಲು, ಅದರ ಟಿಪ್ಪಣಿ ಹಾಳೆಯ ನಕಲು ಕೊಡಿ ಅಂತ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಒಬ್ಬರೇ ಹಾಕಬೇಡಿ, ಓಣಿಯ ನಾಲ್ಕು ಜನ ಬೇರೆ ಬೇರೆ ಅರ್ಜಿ ಹಾಕಿ, ಆಗ ಯಾರೊಬ್ಬರನ್ನೂ ಗುರಿ ಮಾಡೋದು ಕಷ್ಟ ಆಗುತ್ತದೆ. ಸ್ವೀಕೃತಿ ತಗೊಳ್ಳೋದು ಮರೀಬೇಡಿ.