ಬಿಲ್ ಬರಬೇಕಾದ ಬಿಳಿ ಜಾಗ

ಮಾರ್ಚ್ ತಿಂಗಳು. ವಿಜಯಪುರದ ಒಂದು ಒಣದ್ರಾಕ್ಷಿ ಅಂಗಡಿ. ತಿಕೋಟಾ ಕಡೆಯಿಂದ ಬಂದ ಟೆಂಪೋದಿಂದ ಹಮಾಲರು ಬಾಕ್ಸ್ ಇಳಿಸುತ್ತಿದ್ದರು. ಒಳಗೆ ಕಂಪ್ಯೂಟರಿನಲ್ಲಿ, ನಾನು ಬರೆದ ಪ್ರೋಗ್ರಾಮಿನಲ್ಲಿ, ಬಿಲ್ ಬರಬೇಕಾದ ಜಾಗವೆಲ್ಲ ಬೆಳ್ಳಗಿತ್ತು.

"ತಮ್ಮಾ, ರೈತರು ನಿಂತಾರ. ಕೈಲೆ ಬರದು ಕೊಡ್ಲೇನು?" ಮುನೀಮ ಕಾಕಾ ಕೇಳಿದರು.

"ಸದ್ಯಕ್ಕ ಹಂಗ ಮಾಡ್ರಿ ಕಾಕಾ" ಅಂದೆ. ಸಂಕಟವಾಯಿತು.

ತೂಕ, ದರ ತುಂಬುವ ಕಿಟಕಿ ಡಬ್ಲ್ಯೂಪಿಎಫ್‌ನದು, ಅಂದರೆ ವಿಂಡೋಸ್ ಪ್ರೋಗ್ರಾಮಿನ ಕಿಟಕಿ ಕಟ್ಟುವ ಮೈಕ್ರೋಸಾಫ್ಟ್ ಸಾಧನದ್ದು. ಬಿಲ್ ಮಾತ್ರ ಅದರೊಳಗೆ ಕೂರಿಸಿದ ವೆಬ್ ಪುಟ. ಹೀಗೆ ಪುಟ ಕೂರಿಸಲು ಇರುವ ಹಳೆಯ ವೆಬ್‌ಬ್ರೌಸರ್ ಕಂಟ್ರೋಲ್ ಒಳಗಿರುವುದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಜಿನ್. ನನ್ನ ಹೊಸ ಬಿಲ್ ಅದರಲ್ಲಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ಅದಕ್ಕೇ ಅದರ ಬದಲು ಎಡ್ಜ್ ಬ್ರೌಸರಿನ ಎಂಜಿನ್ ಇರುವ ವೆಬ್‌ವ್ಯೂ2 ಹಾಕಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಓಡಿತ್ತು.

ಎಫ್12 ಒತ್ತಿದೆ. ಪುಟದ ತಪ್ಪು ಹುಡುಕುವ ಡೆವ್‌ಟೂಲ್ಸ್ ತೆರೆಯಲೇ ಇಲ್ಲ. ಪುಟದಲ್ಲಿ ತಪ್ಪಿದ್ದರೂ ಡೆವ್‌ಟೂಲ್ಸ್ ತೆರೆಯಬೇಕು, ಅಲ್ವಾ? ಟಾಸ್ಕ್ ಮ್ಯಾನೇಜರ್ ನೋಡಿದೆ. ನನ್ನ ಪ್ರೋಗ್ರಾಮಿನ ಕೆಳಗೆ ವೆಬ್‌ವ್ಯೂ2 ಪ್ರೋಸೆಸ್ ಒಂದೂ ಇಲ್ಲ. ಅಂದರೆ ಬ್ರೌಸರ್ ಹುಟ್ಟಿಯೇ ಇಲ್ಲ! ಅಲ್ಲಿಯವರೆಗೆ ಸುಮ್ನೆ ಬಿಲ್ ಪುಟದ ಎಚ್‌ಟಿಎಂಎಲ್ ಕೋಡ್ ಕೆದಕುತ್ತಿದ್ದೆ.

ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ. ಬಿಲ್ ಬಂತು. ಆಗ ಹೊಳೆಯಿತು. ವೆಬ್‌ವ್ಯೂ2 ತನ್ನ ಕ್ಯಾಶ್, ಕುಕಿ ಇಡಲು ಒಂದು ಫೋಲ್ಡರ್ ಮಾಡಿಕೊಳ್ಳುತ್ತದೆ. ಜಾಗ ಹೇಳದಿದ್ದರೆ ಇಎಕ್ಸ್‌ಇ, ಅಂದರೆ ಪ್ರೋಗ್ರಾಮಿನ ಮುಖ್ಯ ಫೈಲಿನ, ಪಕ್ಕದಲ್ಲೇ ಮಾಡಲು ಹೋಗುತ್ತದೆ. ಇಲ್ಲಿ ಇಎಕ್ಸ್‌ಇ ಇದ್ದದ್ದು ವಿಂಡೋಸ್‌ನ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ. ಅಲ್ಲಿ ಸಾಮಾನ್ಯ ಯೂಸರ್‌ಗೆ ಬರೆಯಲು ಅನುಮತಿ ಇಲ್ಲ. ಆ ಎರರ್ ಬಂದೇ ಇತ್ತು. ಆದರೆ ವೆಬ್‌ವ್ಯೂ ಶುರು ಮಾಡುವ ಸಾಲಿಗೆ ನಾನು ಅವೇಟ್, ಅಂದರೆ ಆ ಕೆಲಸ ಮುಗಿಯುವ ತನಕ ಕಾಯಿ ಅನ್ನುವ ಪದ, ಹಾಕಿರಲಿಲ್ಲ, ಹಾಗಾಗಿ ಅದು ಯಾರಿಗೂ ಕಾಣದೆ ಹೋಗಿತ್ತು.

ದಿನಾ ಅಡ್ಮಿನ್ ಆಗಿಯೇ ಓಡಿಸಿ ಅಂತ ಹೇಳಿ ಬರಬಹುದಿತ್ತು. ಒಂದು ಬಿಲ್‌ಗೋಸ್ಕರ ಇಡೀ ಕಂಪ್ಯೂಟರಿನ ಬೀಗ ತೆಗೆದಿಡುವುದು ನನಗೆ ಸರಿ ಕಾಣಲಿಲ್ಲ. ಫೋಲ್ಡರನ್ನು ಯೂಸರ್‌ಗೆ ಬರೆಯಲು ಅನುಮತಿ ಇರುವ ಅವರದೇ ಜಾಗಕ್ಕೆ, ಲೋಕಲ್ ಆ್ಯಪ್‌ಡೇಟಾಗೆ, ಬದಲಿಸಿದೆ. ಅವೇಟ್ ಸೇರಿಸಿದೆ. ವೆಬ್‌ವ್ಯೂ ಶುರುವಾಗದಿದ್ದರೆ ಆ ಬಿಳಿ ಜಾಗದಲ್ಲೇ ಕಾರಣ ಕನ್ನಡದಲ್ಲಿ ಕಾಣುವಂತೆ ಮಾಡಿದೆ. ಕಾಕಾ ನನಗೆ ಫೋನ್ ಮಾಡಿದಾಗ ಓದಿ ಹೇಳಲು ಏನಾದರೂ ಇರಬೇಕಲ್ಲ.

ಪ್ರಿಂಟರ್‌ನಿಂದ ಬಿಲ್ ಬಂತು. ಕಾಕಾ ತಾವು ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು ಒಂದೊಂದೇ ಸಾಲು ತಾಳೆ ನೋಡಿದರು. ತೂಕ, ದರ, ಹಮಾಲಿ.

"ಕೂಡ್ತು" ಅಂದು ಮುಂದಿನ ರೈತರನ್ನು ಕರೆದರು.